ಪಿನ್ಯನ್–ಜುನಿಪರ್ ಕಾಡು: ನೀರಿನ ಲೆಕ್ಕದಲ್ಲಿ ಓದುವ ಬಗೆ

ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ಕಾರಿನಲ್ಲಿ ಸುಮಾರು ಮೂರೂವರೆ ಗಂಟೆಯ ದಾರಿ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಬಹಳ ಜನ, ಊರಿನಿಂದ ಅಪ್ಪ ಅಮ್ಮ ಬಂದಾಗಲಾದರೂ, ಒಮ್ಮೆ ಈ ದಾರಿಯಲ್ಲಿ ಹೋಗಿರುತ್ತಾರೆ. ಫೀನಿಕ್ಸ್ ಇರುವುದು 330 ಮೀಟರ್ ಎತ್ತರದಲ್ಲಿ. ಅಲ್ಲಿ ಕಿಟಕಿಯಾಚೆ ಎತ್ತರೆತ್ತರದ ಸವಾರೋ ಕಳ್ಳಿ. ಸಾವಿರ ಮೀಟರಿನ ಆಸುಪಾಸಿನಲ್ಲಿ ಅದು ಮುಗಿದು ಹುಲ್ಲು, ಕುರುಚಲು ಶುರು. ವರ್ಡೆ ಕಣಿವೆಗೆ ಇಳಿದು ಮತ್ತೆ ಏರತೊಡಗಿದ ಮೇಲೆ ಗಿಡ್ಡನೆಯ, ಗುಂಡಗಿನ ಕಡುಹಸಿರು ಮರಗಳು ಒಂದಕ್ಕೊಂದು ತಾಗದಷ್ಟು ದೂರದಲ್ಲಿ ನಿಂತಿರುತ್ತವೆ. 2,000 ಮೀಟರ್ ಮುಟ್ಟುವಾಗ ನೆಟ್ಟನೆಯ ಪಾಂಡೆರೋಸಾ ಪೈನ್ ಕಾಡು ಬಂದು ಎಲ್ಲರೂ ಫೋನ್ ಹೊರತೆಗೆಯುತ್ತಾರೆ. ನಡುವೆ ಹಿಂದೆ ಸರಿದುಹೋದ ಆ ಗಿಡ್ಡ ಮರಗಳ ಪಟ್ಟಿಯನ್ನು ನೋಡಿದವರು ಕಡಿಮೆ.

ಆ ಪಟ್ಟಿಯೇ ಪಿನ್ಯನ್–ಜುನಿಪರ್ ಕಾಡು: ಪಿನ್ಯನ್ ಎಂಬ ಗಿಡ್ಡ ಪೈನ್, ಜೊತೆಗೆ ಜುನಿಪರ್ ಎಂಬ ನಿತ್ಯಹಸಿರಿನ ಮರ. ಯೂಟಾ, ಕೊಲೊರಾಡೋ, ಅರಿಜೋನಾ, ನ್ಯೂ ಮೆಕ್ಸಿಕೋ ಈ ನಾಲ್ಕು ರಾಜ್ಯಗಳಿಗೆ ಹರಡಿರುವ ಕೊಲೊರಾಡೋ ಪ್ರಸ್ಥಭೂಮಿಯ ಹೆಚ್ಚಿನ ಭಾಗ 1,500ರಿಂದ 2,100 ಮೀಟರ್ ಎತ್ತರದ್ದು. ಈ ಕಾಡಿಗೆ ಒಗ್ಗುವುದೂ ಅದೇ ಎತ್ತರ. ವರ್ಷಕ್ಕೆ 250ರಿಂದ 500 ಮಿಲಿಮೀಟರ್ ಮಳೆ, ಹಿಮ ಎರಡೂ ಸೇರಿ. ಅದಕ್ಕಿಂತ ಕಡಿಮೆಯಾದರೆ ಮರ ನಿಲ್ಲುವುದಿಲ್ಲ, ಸೇಜ್‌ಬ್ರಷ್, ಬ್ಲ್ಯಾಕ್‌ಬ್ರಷ್‌ನಂಥ ಪೊದೆಗಳ ರಾಜ್ಯ. ಹೆಚ್ಚಾದರೆ ಪಾಂಡೆರೋಸಾ. ಅದರ ಮೇಲೆ ಡಗ್ಲಸ್ ಫರ್ ಮತ್ತು ವೈಟ್ ಫರ್, ಇನ್ನೂ ಮೇಲೆ ಎಂಗಲ್ಮನ್ ಸ್ಪ್ರೂಸ್. ಫ್ಲ್ಯಾಗ್‌ಸ್ಟಾಫ್ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋ ಶಿಖರಗಳಲ್ಲಿ ಸುಮಾರು 3,500 ಮೀಟರಿಗೆ ಮರಗಳ ಗಡಿ ಮುಗಿದು 3,851 ಮೀಟರಿನ ತುದಿಯವರೆಗೆ ಬರೀ ಕಲ್ಲು, ಕಲ್ಲುಹೂವು, ನೆಲಕ್ಕಂಟಿದ ಸಣ್ಣ ಗಿಡಗಳು.

1889ರ ಬೇಸಿಗೆಯಲ್ಲಿ ಸಿ. ಹಾರ್ಟ್ ಮೆರಿಯಮ್ ಎಂಬ ಜೀವವಿಜ್ಞಾನಿ ಇದೇ ಶಿಖರಗಳ ಸುತ್ತ ಅಲೆದು, ಎತ್ತರಕ್ಕೆ ತಕ್ಕಂತೆ ಬದಲಾಗುವ ಈ ಪಟ್ಟಿಗಳಿಗೆ ‘ಜೀವವಲಯ’ಗಳೆಂದು ಹೆಸರು ಕೊಟ್ಟರು. ಅವರ ಲೆಕ್ಕದಲ್ಲಿ ಪಿನ್ಯನ್–ಜುನಿಪರ್ ‘ಅಪ್ಪರ್ ಸೊನೋರನ್’ ವಲಯ. ವಲಯಗಳನ್ನು ನಿರ್ಧರಿಸುವುದು ಮುಖ್ಯವಾಗಿ ಉಷ್ಣಾಂಶ ಎಂದು ಅವರು ನಂಬಿದ್ದರು. ಬೆಟ್ಟ ಏರಿದಂತೆಲ್ಲ ಉತ್ತರ ದಿಕ್ಕಿಗೆ ಹೋದಷ್ಟೇ ಚಳಿ ಎನ್ನುವ ಅವರ ಗ್ರಹಿಕೆ ಈಗಲೂ ಶಾಲಾಪುಸ್ತಕಗಳಲ್ಲಿದೆ, ತಪ್ಪೂ ಅಲ್ಲ. ಆದರೆ ಒಣ ಪ್ರಸ್ಥಭೂಮಿಯಲ್ಲಿ ಎತ್ತರದ ಅಂಕಿ ಒಂದನ್ನೇ ನಂಬಿಕೊಂಡು ಹೊರಟರೆ ಹೆಜ್ಜೆಹೆಜ್ಜೆಗೂ ಗಲಿಬಿಲಿಯಾಗುತ್ತದೆ. ನೀರು ಎಷ್ಟು ಬಂತು, ಯಾವ ತಿಂಗಳಲ್ಲಿ ಬಂತು, ಬಂದದ್ದು ಎಲ್ಲಿ ಇಳಿಯಿತು, ಎಷ್ಟು ಬೇಗ ಆವಿಯಾಯಿತು ಎಂದು ಕೇಳುತ್ತ ಹೋದರೆ ಅದೇ ನೆಲ ಅರ್ಥವಾಗತೊಡಗುತ್ತದೆ.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲೇ ಇದನ್ನು ಪರೀಕ್ಷಿಸಬಹುದು. ಅಲ್ಲಿ ನೆಲ ಹೆಚ್ಚುಕಡಿಮೆ ಸಮತಟ್ಟು, ಎತ್ತರ ಸುಮಾರು 2,100 ಮೀಟರ್. ಅಂಚಿಗೆ ಹತ್ತಿಕೊಂಡೇ ಇರುವುದು ಪಿನ್ಯನ್ ಮತ್ತು ಜುನಿಪರ್. ಅಂಚಿಗೆ ಬೆನ್ನು ಹಾಕಿ ಒಳಕ್ಕೆ ಸ್ವಲ್ಪ ನಡೆದರೆ, ಎತ್ತರ ಬದಲಾಗದೆಯೇ ಪಾಂಡೆರೋಸಾ ಬರುತ್ತದೆ. ಕಾರಣ ಕೆಳಗಿನ ಕಂದರ. 730 ಮೀಟರ್ ಎತ್ತರದ ತಳದಲ್ಲಿ ಕಾದ ಒಣಗಾಳಿ ಗೋಡೆ ಹಿಡಿದು ಮೇಲೆದ್ದು ಅಂಚಿನ ಮಣ್ಣಿನ ತೇವವನ್ನು ಹೀರಿಬಿಡುತ್ತದೆ. ಇನ್ನು ಅಂಚಿನಿಂದ ಕೆಳಗಿಳಿಯುವ ಕಾಲುದಾರಿಯ ಮೊದಲ ತಿರುವುಗಳಲ್ಲಿ ನೆರಳು ಬಿದ್ದ ಮೂಲೆಗಳನ್ನು ನೋಡಿ. ಅಲ್ಲಿ ಡಗ್ಲಸ್ ಫರ್ ನಿಂತಿರುತ್ತದೆ. ನಿಯಮದ ಪ್ರಕಾರ ಪಾಂಡೆರೋಸಾಗಿಂತ ಮೇಲಿರಬೇಕಾದ ಮರ ಪಿನ್ಯನ್‌ಗಿಂತ ಕೆಳಗೆ! ಆ ಗೋಡೆ ಉತ್ತರಕ್ಕೆ ಮುಖ ಮಾಡಿದೆ, ಚಳಿಗಾಲದ ಹಿಮ ಅಲ್ಲಿ ವಾರಗಟ್ಟಲೆ ಕರಗದೆ ಕೂತು ನಿಧಾನ ಇಳಿಯುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಇದರ ತಿರುಗುಮುರುಗು: ಅಲ್ಲಿ ಪಿನ್ಯನ್–ಜುನಿಪರ್ ತನ್ನ ಪಟ್ಟಿ ಮೀರಿ ಮೇಲಕ್ಕೆ ಹತ್ತಿರುತ್ತದೆ. ಹಾಗಾಗಿ ಮೊದಲು ದಿಕ್ಕು, ಆಮೇಲೆ ಎತ್ತರ.

ನೆಲವನ್ನೂ ನೋಡಬೇಕು. ಹೊಸಬರಿಗೆ ವಿಚಿತ್ರ ಅನ್ನಿಸುವ ಸಂಗತಿ ಏನೆಂದರೆ, ಒಳ್ಳೆಯ ಆಳದ ಮಣ್ಣಿರುವ ತಗ್ಗಿನಲ್ಲಿ ಮರಗಳಿರುವುದಿಲ್ಲ, ಸೇಜ್‌ಬ್ರಷ್ ಮತ್ತು ಹುಲ್ಲು ಇರುತ್ತವೆ. ಮರಗಳಿರುವುದು ಬರೀ ಬಂಡೆಯ ಮೇಲೆ. ಸಣ್ಣ ಕಣಗಳ ಆಳ ಮಣ್ಣು ಸಣ್ಣ ಮಳೆಯನ್ನು ಮೇಲ್ಪದರದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅದು ಹುಲ್ಲಿಗೆ ಸಾಕು, ಮರಕ್ಕೆ ಸಾಲದು, ಎರಡು ದಿನದ ಬಿಸಿಲಿಗೆ ಆವಿಯೂ ಆಗುತ್ತದೆ. ಮರಳುಗಲ್ಲಿನ ಬಂಡೆಯಾದರೆ ಬಿದ್ದ ನೀರನ್ನೆಲ್ಲ ಜಾರಿಸಿ ಬಿರುಕಿಗೆ ಇಳಿಸುತ್ತದೆ. ಬಿರುಕಿನೊಳಗೆ ಬಿಸಿಲು ತಲುಪುವುದಿಲ್ಲ, ಅಲ್ಲಿ ಜುನಿಪರ್‌ನ ಬೇರು ತಲುಪುತ್ತದೆ. ಜೊತೆಗೆ ಬಂಡೆಯ ಮೇಲೆ ಹುಲ್ಲು ಬೆಳೆಯದ ಕಾರಣ ಬೆಂಕಿ ಓಡುವುದಿಲ್ಲ. ಅತಿ ಹಳೆಯ ಮರಗಳು ಬಂಡೆಯಂಚಿನಲ್ಲಿ ಉಳಿದಿರುವುದಕ್ಕೆ ಈ ಎರಡೂ ಕಾರಣ.

ಈಗ ಮರಗಳನ್ನು ಗುರುತಿಸುವುದು. ಕೊಲೊರಾಡೋ ಪಿನ್ಯನ್‌ಗೆ ಒಂದು ಗೊಂಚಲಿಗೆ ಎರಡು ಸೂಜಿಯೆಲೆ, ಕಾಯಿ ಗಿಡ್ಡ, ತೊಗಟೆಯಲ್ಲಿ ಅಂಟು. ಪಶ್ಚಿಮಕ್ಕೆ ನೆವಾಡಾ ಕಡೆ ಹೋದರೆ ಒಂಟಿ ಸೂಜಿಯ ಪಿನ್ಯನ್ ಸಿಗುತ್ತದೆ. ಸೂಜಿಗಳ ಲೆಕ್ಕದ ಹಿಂದೆಯೂ ಇರುವುದು ಮಳೆಯೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದಿಂದ ಬರುವ ಮಾನ್ಸೂನ್ ಮಳೆ ತಲುಪುವ ಕಡೆ ಎರಡು ಸೂಜಿಯದು, ಚಳಿಗಾಲದ ಹಿಮವನ್ನೇ ನಂಬಿದ ಕಡೆ ಒಂಟಿ ಸೂಜಿಯದು. ಜುನಿಪರ್‌ಗೆ ಸೂಜಿಯಿಲ್ಲ, ಕೊಂಬೆಗೆ ಒತ್ತಿಕೊಂಡ ಸಣ್ಣ ಹುರುಪೆಯಂಥ ಎಲೆಗಳು. ನಮ್ಮ ಕೈತೋಟದ ತುಜಾ ಗಿಡದ ಕುಟುಂಬವೇ ಇದರದ್ದೂ. ಹಣ್ಣಿನಂತೆ ಕಾಣುವ ಅದರ ನೀಲಿ ಗುಂಡುಗಳು ನಿಜಕ್ಕೂ ಪೈನ್ ಕಾಯಿಯಂಥ ಶಂಕುಗಳು, ಮೇಲೆ ಬೂದಿಯಂಥ ಮೇಣ. ಯೂಟಾ ಜುನಿಪರ್‌ಗೆ ಸಾಮಾನ್ಯವಾಗಿ ಒಂದೇ ಕಾಂಡ, ಗಂಡು–ಹೆಣ್ಣು ಶಂಕುಗಳು ಹೆಚ್ಚಾಗಿ ಒಂದೇ ಮರದಲ್ಲಿ. ನ್ಯೂ ಮೆಕ್ಸಿಕೋದ ಒಂಟಿಬೀಜದ ಜುನಿಪರ್ ಬುಡದಿಂದಲೇ ಕವಲೊಡೆಯುತ್ತದೆ, ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ತೊಗಟೆ ಚೌಕಚೌಕವಾಗಿ ಒಡೆದಿದ್ದರೆ ಅದು ಅಲಿಗೇಟರ್ ಜುನಿಪರ್, ಬೇರೆ ಲಕ್ಷಣ ನೋಡುವುದೇ ಬೇಡ.

ಪಟ್ಟಿಯ ಕೆಳಗಿನ ಅಂಚಿನಲ್ಲಿ ಜುನಿಪರ್ ಒಂದೇ ಇರುತ್ತದೆ. ಏರಿದಂತೆ ಪಿನ್ಯನ್ ಸೇರಿಕೊಂಡು, ಮೇಲಂಚಿನಲ್ಲಿ ಅದರದೇ ಮೇಲುಗೈ. ನೂರು ಹೆಜ್ಜೆ ನಡೆದು ಎರಡನ್ನೂ ಎಣಿಸಿದರೆ ಆ ಜಾಗದ ನೀರಿನ ಸ್ಥಿತಿ ಅಂದಾಜಿಗೆ ಸಿಗುತ್ತದೆ. ಈ ಅನುಪಾತ ಹೀಗೇಕೆ ಬದಲಾಗುತ್ತದೆ ಎಂದರೆ, ಎರಡೂ ಬರವನ್ನು ಎದುರಿಸುವ ರೀತಿ ತದ್ವಿರುದ್ಧ. ಮಣ್ಣು ಒಣಗತೊಡಗಿದ ಕೂಡಲೇ ಪಿನ್ಯನ್ ತನ್ನ ಪತ್ರರಂಧ್ರಗಳನ್ನು ಮುಚ್ಚಿಬಿಡುತ್ತದೆ. ಎಲೆಯೊಳಗಿನ ನೀರಿನ ಎಳೆತ ಮೈನಸ್ 2 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಹತ್ತಿರ ಬಂದರೆ ಅಲ್ಲಿಗೆ ಹೊರಗಾಳಿಯ ಜೊತೆಗಿನ ವ್ಯವಹಾರ ಬಂದ್. ನೀರು ಉಳಿಯಿತು, ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರದೆ ಸಕ್ಕರೆ ತಯಾರಿಯೂ ನಿಂತಿತು. ಜುನಿಪರ್ ರಂಧ್ರ ತೆರೆದೇ ಇಟ್ಟುಕೊಂಡು ಇನ್ನೂ ಬಹಳ ಒಣಗಿದ ಮಣ್ಣಿನಿಂದಲೂ ನೀರೆಳೆಯುತ್ತದೆ. ಅದರ ನಾಳಗಳೊಳಗಿನ ನೀರಿನ ಎಳೆ ಆ ಎಳೆತಕ್ಕೆ ಸುಲಭಕ್ಕೆ ತುಂಡಾಗದು. ತೀರಾ ಕಷ್ಟವಾದರೆ ಒಂದೊಂದೇ ಕೊಂಬೆಯನ್ನು ಸಾಯಲು ಬಿಟ್ಟು, ಕಾಂಡದ ಒಂದು ಕಡೆಯ ತೊಗಟೆಯ ಪಟ್ಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡು ಶತಮಾನ ಕಳೆಯುತ್ತದೆ. ಅರ್ಧ ಸತ್ತಂತೆ ಕಾಣುವ ಜುನಿಪರ್ ಅನ್ನು ಸತ್ತದ್ದೆಂದು ಕಡಿಯುವುದು ಇದಕ್ಕೇ ದೊಡ್ಡ ತಪ್ಪು.

ಸಣ್ಣ ಬರದಲ್ಲಿ ಪಿನ್ಯನ್‌ನ ಲೆಕ್ಕಾಚಾರ ಸರಿಹೋಗುತ್ತದೆ. ದೀರ್ಘ ಬರದಲ್ಲಿ ಸಕ್ಕರೆ ಖಾಲಿಯಾಗಿ ಅಂಟು ತಯಾರಿಸುವ ಶಕ್ತಿಯೂ ಉಡುಗುತ್ತದೆ. ಅಂಟೇ ಅದರ ಆಯುಧ. ತೊಗಟೆ ಕೊರೆದು ಒಳಬರುವ ಇಪ್ಸ್ ಎಂಬ ಜೀರುಂಡೆಯನ್ನು ಆರೋಗ್ಯವಂತ ಮರ ಅಂಟಿನಲ್ಲೇ ಮುಳುಗಿಸಿ ಹೊರತಳ್ಳುತ್ತದೆ. ಬಳಲಿದ ಮರಕ್ಕೆ ಅದು ಆಗುವುದಿಲ್ಲ. 2002–03ರಲ್ಲಿ ಆದದ್ದು ಇದೇ. ನ್ಯೂ ಮೆಕ್ಸಿಕೋದ ಲಾಸ್ ಅಲಾಮೋಸ್ ಬಳಿಯ ಒಂದು ಅಧ್ಯಯನ ತಾಣದಲ್ಲಿ ಶೇ. 90ಕ್ಕೂ ಹೆಚ್ಚು ಪಿನ್ಯನ್ ಸತ್ತವು. ನಾಲ್ಕು ರಾಜ್ಯಗಳಲ್ಲಿ ಸುಮಾರು 12,000 ಚದರ ಕಿಲೋಮೀಟರ್ ಕಾಡು ಕಂದಿತು. 1950ರ ದಶಕದ ಬರದಲ್ಲಿ ಮಳೆ ಇನ್ನೂ ಕಡಿಮೆಯಿತ್ತು, ಆದರೆ ಬಿಸಿ ಇಷ್ಟಿರಲಿಲ್ಲ. ಮಳೆಯ ಕೊರತೆಗೆ ಬಿಸಿಲು ಸೇರಿದಾಗ ಮರಕ್ಕೆ ಬೇಕಾದ ನೀರೇ ಹೆಚ್ಚಾಗುತ್ತದೆ ಎಂಬ ಪಾಠ ಅಲ್ಲಿಂದ ಬಂತು. ಜುನಿಪರ್ ಆಗ ಬಹುಪಾಲು ಉಳಿದುಕೊಂಡಿತು. ಹಾಗೆಂದು ಅದು ಅಮರವೇನಲ್ಲ. 2018ರ ಬರದ ನಂತರ ಯೂಟಾದ ಆಗ್ನೇಯ ಭಾಗದಲ್ಲಿ, ಅದರಲ್ಲೂ ಪಟ್ಟಿಯ ಕೆಳಗಿನ ಒಣ ತಗ್ಗುಗಳಲ್ಲಿ, ಜುನಿಪರ್‌ಗಳೂ ಒಣಗತೊಡಗಿವೆ.

ನ್ಯೂ ಮೆಕ್ಸಿಕೋದ ಸಾಂಟಾ ಫೆ, ಕೊಲೊರಾಡೋದ ಡುರಾಂಗೋ ಕಡೆ ಮನೆ ಮಾಡಿಕೊಂಡವರ ಅಂಗಳದಲ್ಲಿ ಪಿನ್ಯನ್ ಇರುತ್ತದೆ, ಅವರಿಗೆ ಎರಡು ಮಾತು. ಕಾಂಡದ ಮೇಲೆ ನಸುಹಳದಿ ಅಥವಾ ಕೆಂಪಗಿನ ಅಂಟಿನ ಗುಳ್ಳೆ, ತೊಗಟೆಯ ಸಂದಿಯಲ್ಲಿ ಕೆಂಪು ಮರದ ಹುಡಿ ಕಂಡರೆ ಇಪ್ಸ್ ಒಳಗಿದೆ. ಆಮೇಲೆ ಔಷಧ ಹೊಡೆದು ಪ್ರಯೋಜನವಿಲ್ಲ. ಸಿಂಪಡಣೆ ಕೆಲಸ ಮಾಡುವುದು ಜೀರುಂಡೆ ಹೊಕ್ಕುವ ಮೊದಲು, ಮುನ್ನೆಚ್ಚರಿಕೆಯಾಗಿ ಮಾತ್ರ. ಎಲೆ ಹಳದಿಯಾಗಿ ಕೆಂಪಾಗುವ ಹೊತ್ತಿಗೆ ಮರ ಸತ್ತು ಕೆಲವು ವಾರಗಳೋ ತಿಂಗಳುಗಳೋ ಆಗಿರುತ್ತವೆ. ಕೊಂಬೆ ಸವರುವುದಿದ್ದರೆ ಚಳಿಗಾಲದಲ್ಲೇ ಸವರಬೇಕು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹಸಿ ಗಾಯದ ವಾಸನೆಗೆ ಜೀರುಂಡೆ ಹಾರಿ ಬರುತ್ತದೆ, ಕಡಿದ ಹಸಿ ಸೌದೆಯನ್ನು ಬದುಕಿರುವ ಮರದ ಪಕ್ಕ ಪೇರಿಸಿಟ್ಟರಂತೂ ಕರೆದು ಕೂರಿಸಿದಂತೆ. ಬರಗಾಲದಲ್ಲಿ ನೀರು ಕೊಡುವುದಾದರೆ ಕಾಂಡದ ಪ್ರತಿ ಇಂಚು ದಪ್ಪಕ್ಕೆ 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್, ತಿಂಗಳಿಗೊಮ್ಮೆ ಸಾಕು. ಬುಡಕ್ಕೆ ಸುರಿಯಬೇಡಿ, ಕೊಂಬೆಗಳ ತುದಿ ನೆಲಕ್ಕೆ ನೆರಳು ಬೀಳಿಸುವ ಸುತ್ತಿನಲ್ಲಿ ನಿಧಾನ ಇಂಗಿಸಿ. ದಿನಾ ಸ್ವಲ್ಪಸ್ವಲ್ಪ ಚಿಮುಕಿಸಿದರೆ ಹುಲ್ಲು ಬೆಳೆಯುತ್ತದೆ, ಮರಕ್ಕೆ ಏನೂ ಸಿಗುವುದಿಲ್ಲ.

ಪಿನ್ಯನ್ ಬೀಜದ್ದು ಇನ್ನೊಂದು ದೊಡ್ಡ ಅಧ್ಯಾಯ. ಕಾಯಿಯ ಮೊಗ್ಗು ಮೂಡುವುದು ಒಂದು ವರ್ಷದ ಬೇಸಿಗೆಯ ಕೊನೆಗೆ. ಮರುವರ್ಷ ಜೂನ್‌ನಲ್ಲಿ ಪರಾಗ ತಲುಪುತ್ತದೆ. ಬೀಜ ಬಲಿಯುವುದು ಅದರ ಮುಂದಿನ ವರ್ಷ ಸೆಪ್ಟೆಂಬರ್‌ಗೆ. ಹೀಗೆ ಹೆಚ್ಚುಕಡಿಮೆ 26 ತಿಂಗಳು. ಮರಗಳೆಲ್ಲ ಒಟ್ಟಿಗೆ ಭರ್ತಿ ಕಾಯಿ ಬಿಡುವುದು ಮೂರರಿಂದ ಏಳು ವರ್ಷಕ್ಕೊಮ್ಮೆ. ಮೊಗ್ಗು ಮೂಡುವ ಬೇಸಿಗೆ ತಂಪಾಗಿದ್ದರೆ ಫಸಲು ಚೆನ್ನಾಗಿರುತ್ತದೆ. ಬೇಸಿಗೆಗಳು ಬಿಸಿಯಾಗುತ್ತಿರುವುದರಿಂದ ಫಸಲೂ ಇಳಿಯುತ್ತಿದೆ. ನ್ಯೂ ಮೆಕ್ಸಿಕೋ ಮತ್ತು ಒಕ್ಲಹೋಮಾದ ತಾಣಗಳಲ್ಲಿ 1970ರ ದಶಕಕ್ಕೂ 2003–12ರ ದಶಕಕ್ಕೂ ನಡುವೆ ಕಾಯಿಗಳು ಸುಮಾರು ಶೇ. 40ರಷ್ಟು ಕಡಿಮೆಯಾಗಿವೆ.

ಬೀಜಕ್ಕೆ ರೆಕ್ಕೆಯಿಲ್ಲ, ಗಾಳಿಗೆ ಹಾರದು. ಹರಡುವ ಕೆಲಸ ಹಕ್ಕಿಗಳದ್ದು, ಮುಖ್ಯವಾಗಿ ಪಿನ್ಯನ್ ಜೇ ಎಂಬ ನೀಲಿ ಹಕ್ಕಿಯದ್ದು. ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಇನ್ನೊಂದು ಹಕ್ಕಿಗೆ ನಾಲಿಗೆಯ ಕೆಳಗೆ ಚೀಲವಿದ್ದು, ಒಂದು ಸಲಕ್ಕೆ 90ಕ್ಕೂ ಹೆಚ್ಚು ಬೀಜ ತುಂಬಿಕೊಂಡು ಹಾರಬಲ್ಲದು. ಪಿನ್ಯನ್ ಜೇ ಬೀಜ ಆರಿಸುವುದನ್ನು ಹತ್ತಿರದಿಂದ ನೋಡಿದರೆ ಗೌರವ ಹುಟ್ಟುತ್ತದೆ. ತಿಳಿಬಣ್ಣದ ಬೀಜಗಳನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಅವು ಪೊಳ್ಳು. ಕಡುಗಂದು ಬೀಜವನ್ನು ಕೊಕ್ಕಿನಲ್ಲಿ ಹಿಡಿದು ತೂಗುತ್ತದೆ, ಕೊಕ್ಕನ್ನು ಬೇಗಬೇಗ ಕಟಕಟಿಸಿ ಒಳಗೆ ತಿರುಳಿದೆಯೇ ಎಂದು ತಿಳಿಯುತ್ತದೆ, ಗಟ್ಟಿಯಾದದ್ದನ್ನು ಮಾತ್ರ ಗಂಟಲಿಗೆ ಸೇರಿಸುತ್ತದೆ. ಆಮೇಲೆ ದೂರ ಹಾರಿ ಮಣ್ಣಿನಲ್ಲಿ ಹೂತಿಡುತ್ತದೆ. ತಿನ್ನದೆ ಉಳಿದದ್ದು ಸಸಿಯಾಗುತ್ತದೆ, ಅದೂ ಎಲ್ಲ ಕಡೆಯಲ್ಲ. ಬಯಲಲ್ಲಿ ಮೊಳೆತದ್ದು ಮೊದಲ ಬೇಸಿಗೆಗೇ ಸುಟ್ಟುಹೋಗುತ್ತದೆ. ಸೇಜ್‌ಬ್ರಷ್ ಅಥವಾ ಹಳೆಯ ಜುನಿಪರ್‌ನ ನೆರಳಿನಲ್ಲಿ ಮೊಳೆತದ್ದು ಬದುಕುತ್ತದೆ. ಆದ್ದರಿಂದ ಬಯಲಿಗೆ ಮೊದಲು ಬರುವುದು ಜುನಿಪರ್, ಅದರ ಮಡಿಲಲ್ಲಿ ಆಮೇಲೆ ಪಿನ್ಯನ್. ಪಿನ್ಯನ್ ಜೇ ಸಂಖ್ಯೆ 1960ರ ದಶಕದ ಕೊನೆಯಿಂದ ಈಚೆಗೆ ತೀವ್ರವಾಗಿ ಕುಸಿದಿದೆ. ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ರಕ್ಷಣೆ ಕೊಡಿ ಎಂಬ ಮನವಿ 2022ರಲ್ಲಿ ಸಲ್ಲಿಕೆಯಾಯಿತು. ಹಕ್ಕಿಯಿಲ್ಲದೆ ಈ ಮರಕ್ಕೆ ಹೊಸ ನೆಲ ಸಿಗುವ ದಾರಿಯಿಲ್ಲ ಎಂಬುದನ್ನು ನೆನೆದರೆ ಇದು ಬರೀ ಒಂದು ಹಕ್ಕಿಯ ಚಿಂತೆ ಅನ್ನಿಸುವುದಿಲ್ಲ.

ಬೀಜ ಆರಿಸಲು ಹೋಗುವವರೂ ಹಕ್ಕಿಯ ಪಾಠವನ್ನೇ ಕಲಿಯಬಹುದು. ಕೊಂಬೆ ಮುರಿಯದೆ ಮರದಡಿ ಬಟ್ಟೆ ಹಾಸಿ ಮೆಲ್ಲಗೆ ಅಲುಗಿಸಿ. ಬಣ್ಣ ನೋಡಿ ಆರಿಸಿ, ಉಳಿದದ್ದನ್ನು ನೀರಿಗೆ ಹಾಕಿದರೆ ಪೊಳ್ಳು ತೇಲುತ್ತದೆ. ಕೈಗೆ ಮೆತ್ತಿದ ಅಂಟು ಸೋಪಿಗೆ ಹೋಗುವುದಿಲ್ಲ, ಅಡುಗೆ ಎಣ್ಣೆ ಹಚ್ಚಿ ಉಜ್ಜಬೇಕು. ಸಿಪ್ಪೆ ಸಮೇತ 150ರಿಂದ 175 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಹುರಿದರೆ ಸಾಕು. ಹೆಚ್ಚಾದರೆ ಎಣ್ಣೆಯಂಶ ಕಹಿಯಾಗುತ್ತದೆ. ಹಸಿಯಾಗಿ ಬೆಚ್ಚಗಿನ ಜಾಗದಲ್ಲಿಟ್ಟರೆ ಕಮಟು ಹಿಡಿಯುತ್ತದೆ. ಅಮೆರಿಕದ ಕೇಂದ್ರ ಸರ್ಕಾರದ ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಜಮೀನುಗಳಲ್ಲಿ ಮನೆ ಬಳಕೆಗೆ ಸಾಮಾನ್ಯವಾಗಿ 25 ಪೌಂಡ್‌ವರೆಗೆ ಆರಿಸಲು ಬಿಡುತ್ತಾರೆ, ಆದರೆ ನಿಯಮ ಪ್ರದೇಶಕ್ಕೆ ತಕ್ಕಂತೆ ಬೇರೆ, ಹೋಗುವ ಮೊದಲು ಸ್ಥಳೀಯ ಕಚೇರಿಯಲ್ಲಿ ಕೇಳಿ. ಬೆಂಗಳೂರಿನ ಡ್ರೈಫ್ರೂಟ್ ಅಂಗಡಿಗಳಲ್ಲಿ ಸಿಗುವ ಉದ್ದನೆಯ ಚಿಲ್ಗೋಜಾ ಇದರದೇ ಜಾತಿಯ ದೂರದ ನೆಂಟ. ಅದು ಹಿಮಾಚಲದ ಕಿನ್ನೌರ್‌ನಂಥ ಒಣ ಕಣಿವೆಗಳ ಮೂರು ಸೂಜಿಯ ಪೈನ್.

ಇನ್ನು ಈ ಕಾಡಿನ ಬಗ್ಗೆ ದಶಕಗಳಿಂದ ನಡೆಯುತ್ತಿರುವ ಜಗಳ: ಜುನಿಪರ್ ‘ಒತ್ತುವರಿ’ ಮಾಡುತ್ತಿದೆಯೇ? 1950–60ರ ದಶಕಗಳಲ್ಲಿ ಹೌದೆಂದೇ ನಂಬಿ, ದನಗಳಿಗೆ ಹುಲ್ಲು ಬೇಕೆಂದು, ಎರಡು ಬುಲ್ಡೋಜರ್‌ಗಳ ನಡುವೆ ಹಡಗಿನ ಲಂಗರಿನ ಸರಪಳಿ ಕಟ್ಟಿ ಕಾಡನ್ನೇ ಎಳೆದು ಬೀಳಿಸಿದರು. ಸರಪಳಿಯ ಒಂದೊಂದು ಕೊಂಡಿ ಸುಮಾರು 40 ಕಿಲೋ. ದೊಡ್ಡ ಮರಗಳು ಬೇರುಸಮೇತ ಬಿದ್ದವು, ಬಾಗುವ ಎಳೆ ಗಿಡಗಳು ಸರಪಳಿ ದಾಟಿದ ಮೇಲೆ ಮತ್ತೆ ಎದ್ದು ನಿಂತವು. ಎರಡು ಮೂರು ದಶಕದಲ್ಲಿ ಮರಗಳು ಹಲವು ಕಡೆ ಮರಳಿದವು. ನಡುವಿನ ಖಾಲಿ ನೆಲಕ್ಕೆ ಹೊರಗಿನಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ಹೊಕ್ಕಿತು. ಅದು ಬೇಸಿಗೆಗೆ ಮುಂಚೆಯೇ ಒಣಗಿ, ಬೆಂಕಿ ಕಾಣದ ಬಯಲಿಗೆ ಬೆಂಕಿ ತಂದಿತು.

ಉತ್ತರ ಜಾಗ ಜಾಗಕ್ಕೆ ಬೇರೆ, ಅದನ್ನು ಮರದಲ್ಲೇ ಓದಬಹುದು. ತುದಿ ಚೂಪಾದ ಶಂಕುವಿನಾಕಾರದ ಮರಗಳೇ ತುಂಬಿದ್ದು, ಒಣಕೊಂಬೆ ಕಾಣದೆ, ಆಳ ಮಣ್ಣಿನ ಮೇಲೆ ಸೇಜ್‌ಬ್ರಷ್‌ನ ಸತ್ತ ಅಸ್ಥಿಪಂಜರಗಳು ಮರದಡಿಯಲ್ಲಿದ್ದರೆ, ಮರಗಳು ಈಚೆಗೆ ಬಂದವು. ಅಲ್ಲಿ ಸೇಜ್‌ಬ್ರಷ್ ಬಯಲನ್ನೇ ನಂಬಿದ ಸೇಜ್ ಗ್ರೌಸ್ ಹಕ್ಕಿಗಾಗಿ ಒಂದಷ್ಟು ತೆಗೆಯುವುದರಲ್ಲಿ ಅರ್ಥವಿದೆ, ಕೈಗರಗಸದಿಂದ, ಪೊದೆ ಇನ್ನೂ ಬದುಕಿರುವಾಗಲೇ. ತಲೆ ಚಪ್ಪಟೆಯಾಗಿ ಅಡ್ಡಾದಿಡ್ಡಿ ಹರಡಿದ್ದು, ತೊಗಟೆ ಆಳವಾಗಿ ಸೀಳಿ, ಒಣಕೊಂಬೆಗೆ ಕಲ್ಲುಹೂವು ಹತ್ತಿ, ನೆಲದಲ್ಲಿ ಬೂದುಬಣ್ಣಕ್ಕೆ ತಿರುಗಿದ ಹಳೆಯ ದಿಮ್ಮಿಗಳು ಬಿದ್ದಿದ್ದರೆ ಅದು ಮುನ್ನೂರು ನಾನೂರು ವರ್ಷದ ಕಾಡು, ಯಾರ ನೆಲವನ್ನೂ ಒತ್ತಿಕೊಂಡಿಲ್ಲ. ಬೆಂಕಿ ತಡೆದದ್ದರಿಂದ ಬೆಳೆದದ್ದು ಎಂಬ ವಾದವೂ ಅಲ್ಲಿ ನಿಲ್ಲುವುದಿಲ್ಲ. ಕೊಲೊರಾಡೋದ ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನದಲ್ಲಿ ಹಳೆಯ ಬೆಂಕಿಗಳನ್ನು ಲೆಕ್ಕ ಹಾಕಿದವರು ಇಡೀ ಕಾಡು ಒಮ್ಮೆ ಉರಿದು ಹೋಗಲು ಸುಮಾರು 400 ವರ್ಷ ಬೇಕಿತ್ತು ಎಂದು ಕಂಡುಕೊಂಡರು. 1996, 2000, 2002ರ ಬೆಂಕಿಗಳು ಅದೇ ಉದ್ಯಾನದ ದೊಡ್ಡ ಭಾಗವನ್ನು ಆರೇಳು ವರ್ಷದಲ್ಲಿ ಸುಟ್ಟವು. ಸುಟ್ಟಲ್ಲಿ ಓಕ್ ಪೊದೆ ಚಿಗುರಿದೆ, ಪಿನ್ಯನ್ ಮರಳಿಲ್ಲ. ನೆರಳು ಕೊಡುವ ತಾಯಿಮರವೂ ಇಲ್ಲ, ಬೀಜ ತರುವ ಹಕ್ಕಿಯೂ ಕಡಿಮೆ.

ಮರಗಳ ನಡುವಿನ ಖಾಲಿ ಜಾಗವನ್ನೂ ಖಾಲಿ ಎಂದುಕೊಳ್ಳಬೇಡಿ. ಕಪ್ಪಗೆ ಉಬ್ಬುತಗ್ಗಾಗಿ ಕಾಣುವ ಆ ನೆಲದ ಚಿಪ್ಪು ಜೀವಂತ. ಸೈನೊಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಸೇರಿ ಮರಳಿನ ಕಣಗಳನ್ನು ನೇಯ್ದು ಹಿಡಿದಿರುತ್ತವೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಒಣಗಿದ್ದಾಗ ಒಂದು ಬೂಟಿನ ಹೆಜ್ಜೆಗೆ ಪುಡಿಯಾಗುತ್ತದೆ, ಪೂರ್ತಿ ಮರಳಿ ಬರಲು ದಶಕಗಳೇ ಬೇಕು. ಫೋಟೋ ತೆಗೆಯಲು ಮರದ ಹತ್ತಿರ ಹೋಗಬೇಕೆನಿಸಿದರೆ ಬಂಡೆಯ ಮೇಲೆ ಕಾಲಿಡಿ, ಇಲ್ಲವೇ ನೀರು ಹರಿದುಹೋದ ಮರಳು ಹಳ್ಳದಲ್ಲಿ ನಡೆಯಿರಿ. ಎರಡೂ ಇಲ್ಲದ ಕಡೆ ಕಾಲುದಾರಿಯಿಂದಲೇ ಝೂಮ್ ಮಾಡಿ.